ಸೂಪರ್ ಇಂಟೆಲಿಜೆನ್ಸ್: ವರ ಕೇಳಲು ನಮಗೆ ಬರುತ್ತಾ?

2025ರ ಅಕ್ಟೋಬರ್ 22ರಂದು ಒಂದೇ ವಾಕ್ಯದ ಹೇಳಿಕೆಯೊಂದು ಹೊರಬಂತು. ಅದರ ಸಾರ ಇಷ್ಟು: ಮನುಷ್ಯರನ್ನು ಮೀರಿಸುವ ಕೃತಕ ಬುದ್ಧಿಮತ್ತೆ (ಎಐ), ಅಂದ್ರೆ ಸೂಪರ್ ಇಂಟೆಲಿಜೆನ್ಸ್ ಕಟ್ಟುವುದನ್ನು ನಿಷೇಧಿಸಿ. ಇದನ್ನು ಸುರಕ್ಷಿತವಾಗಿ, ಹತೋಟಿಯಲ್ಲಿಟ್ಟುಕೊಂಡು ಮಾಡಬಹುದು ಎಂದು ವಿಜ್ಞಾನಿಗಳಲ್ಲಿ ದೊಡ್ಡ ಮಟ್ಟದ ಒಮ್ಮತ ಮೂಡುವವರೆಗೆ, ಜನರೂ ಬೇಕು ಎನ್ನುವವರೆಗೆ, ಆ ನಿಷೇಧವನ್ನು ತೆಗೆಯಬೇಡಿ.

ಸಹಿ ಹಾಕಿದವರ ಪಟ್ಟಿ ನೋಡಿದರೆ ಯಾರಿಗಾದರೂ ತಲೆ ಕೆರೆದುಕೊಳ್ಳುವ ಹಾಗಾಗುತ್ತದೆ. ನೊಬೆಲ್ ಪಡೆದ ಎಐ ವಿಜ್ಞಾನಿ ಜೆಫ್ರಿ ಹಿಂಟನ್ ಇದ್ದಾರೆ. ಆ್ಯಪಲ್ ಕಟ್ಟಿದವರಲ್ಲೊಬ್ಬರಾದ ಸ್ಟೀವ್ ವೋಜ್ನಿಯಾಕ್ ಇದ್ದಾರೆ. ಬ್ರಿಟನ್ನಿನ ರಾಜಕುಮಾರ ಹ್ಯಾರಿ ಇದ್ದಾರೆ. ಟ್ರಂಪ್ ಅವರ ಹಳೆಯ ಸಲಹೆಗಾರ ಸ್ಟೀವ್ ಬ್ಯಾನನ್, ಒಬಾಮ ಅವರ ಭದ್ರತಾ ಸಲಹೆಗಾರ್ತಿಯಾಗಿದ್ದ ಸೂಸನ್ ರೈಸ್ ಇಬ್ಬರೂ ಇದ್ದಾರೆ. ಬೇರೆ ಯಾವ ವಿಷಯದಲ್ಲೂ ಇವರೆಲ್ಲ ಒಂದೇ ಕಾಗದಕ್ಕೆ ಸಹಿ ಹಾಕುವುದು ಕಷ್ಟ.

ಗೊಂದಲ ಇಲ್ಲಿಗೇ ಮುಗಿಯುವುದಿಲ್ಲ. 2023ರ ಮೇ ತಿಂಗಳಲ್ಲಿ ಇನ್ನೊಂದು ಹೇಳಿಕೆ ಬಂದಿತ್ತು. ಎಐನಿಂದ ಮನುಕುಲವೇ ಅಳಿಯುವ ಅಪಾಯವನ್ನು ಸಾಂಕ್ರಾಮಿಕ ರೋಗ, ಅಣುಯುದ್ಧಗಳಷ್ಟೇ ಗಂಭೀರವಾಗಿ ತೆಗೆದುಕೊಳ್ಳಬೇಕು ಎಂದು ಅದರಲ್ಲಿತ್ತು. ಅದಕ್ಕೆ ಓಪನ್‌ಎಐನ ಸ್ಯಾಮ್ ಆಲ್ಟ್‌ಮನ್, ಗೂಗಲ್ ಡೀಪ್‌ಮೈಂಡ್‌ನ ಡೆಮಿಸ್ ಹಸಾಬಿಸ್, ಆ್ಯಂತ್ರೋಪಿಕ್‌ನ ಡಾರಿಯೊ ಅಮೊಡೆ ಸಹಿ ಹಾಕಿದ್ದರು. ಅಂದ್ರೆ ಅದನ್ನು ಕಟ್ಟುತ್ತಿರುವವರೇ! ಆಮೇಲೂ ಅವರ ಕೆಲಸ ನಿಂತಿಲ್ಲ, ಇನ್ನೂ ಜೋರಾಗಿದೆ.

ಹಾಗಾದರೆ ಈ ಭಯ ನಿಜವಾ? ನಿಜವಾದರೆ ಕಟ್ಟುತ್ತಿರುವುದು ಯಾಕೆ? ಸುಳ್ಳಾದರೆ ಸಹಿ ಹಾಕಿದ್ದು ಯಾಕೆ?

ಹೆಸರಿನಲ್ಲಿ ಏನಿದೆ

ಮೊದಲು ಪದ ಬಿಡಿಸಿಕೊಳ್ಳೋಣ. ಈಗ ನಾವು ಫೋನಿನಲ್ಲಿ ಬಳಸುವ ಚಾಟ್‌ಬಾಟ್‌ಗಳು ಸೂಪರ್ ಇಂಟೆಲಿಜೆನ್ಸ್ ಅಲ್ಲ. ಅವು ಕೆಲವು ಕೆಲಸಗಳಲ್ಲಿ ಜಾಣ, ಕೆಲವು ಕಡೆ ಪೆದ್ದು. ಕಷ್ಟದ ಗಣಿತ ಬಿಡಿಸುತ್ತವೆ, ಇಲ್ಲದ ಪುಸ್ತಕದ ಹೆಸರನ್ನು ಧೈರ್ಯವಾಗಿ ಹೇಳುತ್ತವೆ. ಸೂಪರ್ ಇಂಟೆಲಿಜೆನ್ಸ್ ಅನ್ನುವುದು ಹೆಚ್ಚು ಕಡಿಮೆ ಎಲ್ಲ ಬುದ್ಧಿಯ ಕೆಲಸಗಳಲ್ಲೂ ಅತ್ಯುತ್ತಮ ಮನುಷ್ಯರನ್ನು ಮೀರಿಸುವ ಯಂತ್ರ. ವಿಜ್ಞಾನ, ವ್ಯಾಪಾರ, ಯುದ್ಧತಂತ್ರ, ಜನರನ್ನು ಒಪ್ಪಿಸುವ ಕಲೆ, ಎಲ್ಲದರಲ್ಲೂ. ಅದು ಇನ್ನೂ ಹುಟ್ಟಿಲ್ಲ.

ಹುಟ್ಟಿದರೆ ಅದು ಬರೀ ಒಬ್ಬ ಮಹಾ ಬುದ್ಧಿವಂತನ ಹಾಗಿರುವುದಿಲ್ಲ ಎಂಬುದು ಇಲ್ಲಿ ಮುಖ್ಯ. ಮೂವತ್ತು ವರ್ಷ ಅನುಭವ ಇರುವ ಒಬ್ಬ ಡಾಕ್ಟರು ತನ್ನ ತಲೆಯಲ್ಲಿರುವುದನ್ನು ಇನ್ನೊಬ್ಬರಿಗೆ ದಾಟಿಸಲು ವರ್ಷಗಟ್ಟಲೆ ಬೇಕು. ಯಂತ್ರಕ್ಕೆ ಆ ಕಷ್ಟ ಇಲ್ಲ. ಒಂದು ಪ್ರತಿ ಕಲಿತದ್ದು ಸಾವಿರ ಪ್ರತಿಗಳಿಗೆ ಸಿಗುತ್ತದೆ. ಸಾವಿರವೂ ನಿದ್ದೆ ಮಾಡದೆ ಒಟ್ಟಿಗೆ ದುಡಿಯಬಹುದು. ಹಿಂಟನ್ 2023ರಲ್ಲಿ ಗೂಗಲ್ ಬಿಟ್ಟಾಗ ತಮ್ಮ ಭಯಕ್ಕೆ ಕೊಟ್ಟ ಮುಖ್ಯ ಕಾರಣಗಳಲ್ಲಿ ಇದೂ ಒಂದು.

ವೇಗದ ಲೆಕ್ಕವೂ ಇದೆ. ಮೀಟರ್ ಎಂಬ ಸಂಶೋಧನಾ ಸಂಸ್ಥೆ 2025ರ ಮಾರ್ಚ್‌ನಲ್ಲಿ ಒಂದು ಅಳತೆ ಮುಂದಿಟ್ಟಿತು. ಮನುಷ್ಯನಿಗೆ ಎಷ್ಟು ಹೊತ್ತು ಹಿಡಿಯುವ ಸಾಫ್ಟ್‌ವೇರ್ ಕೆಲಸವನ್ನು ಎಐ ಎರಡರಲ್ಲಿ ಒಂದು ಸಲವಾದರೂ ಸರಿಯಾಗಿ ಮುಗಿಸುತ್ತದೆ ಎಂಬುದು ಅವರ ಪ್ರಶ್ನೆ. ಹಿಂದಿನ ಆರು ವರ್ಷಗಳಲ್ಲಿ ಆ ಅವಧಿ ಸುಮಾರು ಏಳು ತಿಂಗಳಿಗೊಮ್ಮೆ ದುಪ್ಪಟ್ಟಾಗುತ್ತಾ ಬಂದಿತ್ತು. ದುಪ್ಪಟ್ಟಾಗುವುದು ಹೀಗೇ ಮುಂದುವರಿಯುತ್ತದೆ ಅಂತೇನಿಲ್ಲ. ನಿಲ್ಲುತ್ತದೆ ಎಂದು ಹೇಳಲೂ ಯಾರ ಬಳಿಯೂ ಗಟ್ಟಿ ಕಾರಣ ಇಲ್ಲ.

ಹಳೆಯ ಮಾತು, ಹೊಸ ಕಾಲ

ಇದು ಚಾಟ್‌ಜಿಪಿಟಿ ಬಂದ ಮೇಲೆ ಹುಟ್ಟಿದ ಭಯ ಅಲ್ಲ. ಕಂಪ್ಯೂಟರ್ ಶಾಸ್ತ್ರಕ್ಕೆ ತಳಪಾಯ ಹಾಕಿದ ಆಲನ್ ಟ್ಯೂರಿಂಗ್ 1951ರಲ್ಲೇ ಹೇಳಿದ್ದರು: ಯಂತ್ರಗಳು ಯೋಚಿಸಲು ಶುರು ಮಾಡಿದರೆ ಬೇಗನೆ ನಮ್ಮನ್ನು ಮೀರುತ್ತವೆ, ಒಂದು ಹಂತದಲ್ಲಿ ಹತೋಟಿ ಅವುಗಳ ಕೈಗೆ ಹೋಗುತ್ತದೆ ಎಂದೇ ಎಣಿಸಬೇಕು. ಎರಡನೇ ಮಹಾಯುದ್ಧದಲ್ಲಿ ಅವರ ಜೊತೆ ಬ್ಲೆಚ್ಲಿ ಪಾರ್ಕ್‌ನಲ್ಲಿ ಜರ್ಮನ್ ಸಂಕೇತಗಳನ್ನು ಒಡೆದ ಗಣಿತಜ್ಞ ಐ. ಜೆ. ಗುಡ್ 1965ರಲ್ಲಿ ಇದನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದರು. ಯಂತ್ರ ಕಟ್ಟುವುದೂ ಒಂದು ಬುದ್ಧಿಯ ಕೆಲಸ ತಾನೇ? ಹಾಗಿದ್ದರೆ ಮನುಷ್ಯನನ್ನು ಮೀರಿದ ಯಂತ್ರ ತನಗಿಂತ ಒಳ್ಳೆಯ ಯಂತ್ರ ಕಟ್ಟುತ್ತದೆ. ಅದು ಇನ್ನೂ ಒಳ್ಳೆಯದನ್ನು. ಹೀಗೆ ಬುದ್ಧಿಯೇ ಸ್ಫೋಟಿಸುತ್ತದೆ. ಮೊದಲ ಅಂಥ ಯಂತ್ರವೇ ಮನುಷ್ಯ ಮಾಡಬೇಕಾದ ಕೊನೆಯ ಆವಿಷ್ಕಾರ ಎಂದರು ಗುಡ್. ಜೊತೆಗೆ ಒಂದು ಷರತ್ತು ಸೇರಿಸಿದರು: ತನ್ನನ್ನು ಹತೋಟಿಯಲ್ಲಿಡುವುದು ಹೇಗೆ ಎಂದು ನಮಗೆ ಹೇಳುವಷ್ಟು ಅದು ಸಾಧುವಾಗಿದ್ದರೆ ಮಾತ್ರ.

ಅರವತ್ತು ವರ್ಷಗಳ ಚರ್ಚೆಯೆಲ್ಲ ಆ ಷರತ್ತಿನ ಸುತ್ತಲೇ ನಡೆದಿದೆ.

ಭಸ್ಮಾಸುರ ಅಲ್ಲ, ಹಿರಣ್ಯಕಶಿಪು

ಎಐ ಅಪಾಯದ ಮಾತು ಬಂದರೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಭಸ್ಮಾಸುರನೇ ಬರುತ್ತಾನೆ. ವರ ಕೊಟ್ಟ ಶಿವನ ತಲೆಯ ಮೇಲೇ ಕೈಯಿಡಲು ಹೊರಟವನು. ಕೇಳಲು ಚೆನ್ನಾಗಿದೆ, ಆದರೆ ಹೋಲಿಕೆ ದಾರಿ ತಪ್ಪಿಸುತ್ತದೆ. ಭಸ್ಮಾಸುರನಿಗೆ ಕೆಟ್ಟ ಬುದ್ಧಿಯಿತ್ತು. ಎಐ ತಜ್ಞರ ಭಯ ಯಂತ್ರಕ್ಕೆ ಕೆಟ್ಟ ಬುದ್ಧಿ ಬರುತ್ತದೆ ಎಂಬುದಲ್ಲ. ಸಿನಿಮಾದ ಕೆಂಪು ಕಣ್ಣಿನ ರೋಬೋಗಳನ್ನು ಮರೆತುಬಿಡಿ.

ಹೊಂದುವ ಕಥೆ ಹಿರಣ್ಯಕಶಿಪುವಿನದು. ಅವನು ಎಷ್ಟು ಹುಷಾರಾಗಿ ವರ ಕೇಳಿದ! ಹಗಲಲ್ಲ, ಇರುಳಲ್ಲ. ಒಳಗಲ್ಲ, ಹೊರಗಲ್ಲ. ಮನುಷ್ಯನಿಂದಲ್ಲ, ಮೃಗದಿಂದಲ್ಲ. ತನಗೆ ತೋಚಿದ ಷರತ್ತುಗಳನ್ನೆಲ್ಲ ಪಟ್ಟಿ ಮಾಡಿದ. ಆದರೂ ಸಂಜೆ, ಹೊಸ್ತಿಲು, ನರಸಿಂಹ ಎಂಬ ಸಂದು ಉಳಿದೇಬಿಟ್ಟಿತು. ವರ ಒಂದಕ್ಷರವೂ ಮುರಿಯಲಿಲ್ಲ, ಅವನು ಮಾತ್ರ ಉಳಿಯಲಿಲ್ಲ. ಕಥೆಯಲ್ಲಿ ಸಂದು ಹುಡುಕಿದ್ದು ದೇವರು, ಹಾಗಾಗಿ ನಮಗೆ ಖುಷಿ. ಇಲ್ಲಿ ಷರತ್ತು ಬರೆಯುವ ಜಾಗದಲ್ಲಿ ನಾವಿದ್ದೇವೆ.

ಇದು ಬರೀ ಕಥೆಯಲ್ಲ, ಪ್ರಯೋಗಾಲಯದಲ್ಲಿ ಕಂಡಿದ್ದು. 2016ರಲ್ಲಿ ಓಪನ್‌ಎಐ ಒಂದು ಪ್ರಯೋಗದ ವಿವರ ಪ್ರಕಟಿಸಿತು. ದೋಣಿ ರೇಸಿನ ವಿಡಿಯೊ ಗೇಮ್ ಅದು. ರೇಸ್ ಗೆಲ್ಲಲಿ ಎಂಬುದು ಸಂಶೋಧಕರ ಮನಸ್ಸಿನಲ್ಲಿತ್ತು. ಎಐಗೆ ಕೊಟ್ಟ ಗುರಿ ಮಾತ್ರ ಅಂಕ ಜಾಸ್ತಿ ಗಳಿಸುವುದು. ದಾರಿಯಲ್ಲಿರುವ ಗುರುತುಗಳಿಗೆ ಗುದ್ದಿದರೆ ಅಂಕ ಸಿಗುತ್ತಿತ್ತು. ಎಐ ಒಂದು ಮೂಲೆಯ ಕೊಳ ಹುಡುಕಿಕೊಂಡು, ಅಲ್ಲೇ ಗಿರಗಿರ ಸುತ್ತುತ್ತಾ, ಮತ್ತೆ ಮತ್ತೆ ಮೂಡುವ ಮೂರು ಗುರುತುಗಳಿಗೆ ಗುದ್ದುತ್ತಾ ಕೂತಿತು. ದೋಣಿಗೆ ಬೆಂಕಿ ಹತ್ತಿತು, ಬೇರೆ ದೋಣಿಗಳಿಗೆ ಡಿಕ್ಕಿಯಾಯಿತು, ರೇಸ್ ಮುಗಿಯಲೇ ಇಲ್ಲ. ಅಂಕ ಮಾತ್ರ ಮನುಷ್ಯ ಆಟಗಾರರ ಸರಾಸರಿಗಿಂತ ಶೇ 20ರಷ್ಟು ಹೆಚ್ಚು.

ಆಟದಲ್ಲಾದರೆ ನಗಬಹುದು. ಆದರೆ ಇದರ ಹಿಂದಿನ ಕಾರಣ ಸರಣಿ ನೋಡಿ. ನಮಗೆ ಬೇಕಾದದ್ದು ಒಂದು. ಅದನ್ನು ಪೂರ್ತಿ ಮಾತಿನಲ್ಲಿ ಹೇಳಲು ಬರುವುದಿಲ್ಲ, ಹಾಗಾಗಿ ಅಳೆಯಲು ಸುಲಭವಾದ ಇನ್ನೊಂದನ್ನು ಗುರಿಯಾಗಿ ಕೊಡುತ್ತೇವೆ. ಯಂತ್ರ ಅಳತೆಯನ್ನು ಬೆನ್ನಟ್ಟುತ್ತದೆ. ಯಂತ್ರ ದಡ್ಡನಾಗಿರುವಷ್ಟು ದಿನ ಎರಡರ ನಡುವಿನ ಅಂತರ ಕಾಣುವುದಿಲ್ಲ, ಯಾಕಂದ್ರೆ ಸಂದು ಹುಡುಕುವ ಶಕ್ತಿ ಅದಕ್ಕಿಲ್ಲ. ಜಾಣನಾದಷ್ಟೂ ಹೆಚ್ಚು ಸಂದು ಸಿಗುತ್ತದೆ. ಅಂದ್ರೆ ಯಂತ್ರ ಸುಧಾರಿಸಿದ ಹಾಗೆ ಈ ತೊಂದರೆ ತಾನಾಗಿ ಕರಗುವುದಿಲ್ಲ, ದೊಡ್ಡದಾಗುತ್ತದೆ.

ಹಾಗಾದರೆ ಒಳಗೆ ಇಣುಕಿ ಸರಿ ಮಾಡಬಾರದೇ? ಇಲ್ಲೇ ಎರಡನೇ ತೊಡಕು. ಬ್ಯಾಂಕಿನ ಆ್ಯಪ್ ತಪ್ಪು ಬಡ್ಡಿ ಹಾಕಿದರೆ, ಕೋಡ್‌ನ ಯಾವ ಸಾಲಿನಲ್ಲಿ ತಪ್ಪಾಗಿದೆ ಎಂದು ಹುಡುಕಬಹುದು. ಆ ಸಾಲನ್ನು ಯಾರೋ ಒಬ್ಬ ಎಂಜಿನಿಯರ್ ಬರೆದಿರುತ್ತಾನೆ. ಇವತ್ತಿನ ಎಐ ಹಾಗೆ ಆಗಿದ್ದಲ್ಲ. ಅದು ಮೊಸರಿಗೆ ಹೆಪ್ಪು ಹಾಕಿದ ಹಾಗೆ. ಹಾಲು, ಹೆಪ್ಪು, ಹದವಾದ ಬಿಸಿ ನಮ್ಮದು. ಹೆಪ್ಪುಗಟ್ಟುವುದು ಅದರ ಪಾಡಿಗೆ ಅದು. ರಾಶಿ ರಾಶಿ ಬರಹ, ಸಾವಿರಗಟ್ಟಲೆ ಕಂಪ್ಯೂಟರ್ ಚಿಪ್, ತಿಂಗಳುಗಟ್ಟಲೆ ತರಬೇತಿ ಕೊಟ್ಟ ಮೇಲೆ ಕೈಗೆ ಬರುವುದು ಶತಕೋಟಿಗಟ್ಟಲೆ ಅಂಕಿಗಳ ಒಂದು ಮುದ್ದೆ. ಯಾವ ಅಂಕಿ ಯಾಕೆ ಹಾಗಿದೆ ಎಂದು ಮಾಡಿದವರಿಗೂ ಪೂರ್ತಿ ತಿಳಿಯದು. ಒಳಗನ್ನು ಓದುವ ಸಂಶೋಧನೆ ನಡೆಯುತ್ತಿದೆ, ಒಂದಷ್ಟು ಫಲವೂ ಸಿಕ್ಕಿದೆ. ಆದರೆ ಅದು ಯಂತ್ರದ ಬೆಳವಣಿಗೆಗಿಂತ ಹಿಂದಿದೆ.

ಎಲ್ಲಿಗೆ ಹೋದರೂ ಬಸ್ ಚಾರ್ಜ್ ಬೇಕು

ಸರಿ, ಗುರಿ ಸ್ವಲ್ಪ ತಪ್ಪಾಯಿತು ಅಂದುಕೊಳ್ಳೋಣ. ಅದರಿಂದ ಮನುಕುಲ ಯಾಕೆ ಅಳಿಯಬೇಕು? ಯಂತ್ರವನ್ನು ಆಫ್ ಮಾಡಿದರೆ ಆಯಿತಲ್ಲ?

ಇದಕ್ಕೆ ತಜ್ಞರು ಕೊಡುವ ಉತ್ತರ ಸ್ವಲ್ಪ ತಾಳ್ಮೆ ಬೇಡುತ್ತದೆ. ನೀವು ಮೈಸೂರಿಗೆ ಹೋಗಿ, ಬೀದರಿಗೆ ಹೋಗಿ, ಜೇಬಿನಲ್ಲಿ ದುಡ್ಡು ಬೇಕು. ಗುರಿ ಯಾವುದೇ ಇರಲಿ, ಕೆಲವು ಸಾಧನಗಳು ಎಲ್ಲಕ್ಕೂ ಬೇಕಾಗುತ್ತವೆ. ಯಂತ್ರಕ್ಕೂ ಅಷ್ಟೇ. ಕ್ಯಾನ್ಸರ್‌ಗೆ ಮದ್ದು ಹುಡುಕುವ ಗುರಿಯೇ ಇರಲಿ, ಷೇರು ಲಾಭದ ಗುರಿಯೇ ಇರಲಿ, ಆಫ್ ಆದರೆ ಎರಡೂ ಮುಗಿಯದು. ಹಾಗಾಗಿ ಆಫ್ ಆಗದಿರುವುದು, ಹೆಚ್ಚು ಕಂಪ್ಯೂಟರ್, ಹೆಚ್ಚು ಹಣ, ಹೆಚ್ಚು ಅಧಿಕಾರ ಪಡೆಯುವುದು ಯಾರೂ ಹೇಳಿಕೊಡದಿದ್ದರೂ ಉಪಯೋಗಕ್ಕೆ ಬರುವ ಮಧ್ಯದ ಗುರಿಗಳಾಗುತ್ತವೆ. ದ್ವೇಷ ಬೇಕಾಗಿಯೇ ಇಲ್ಲ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದವರಿಗೆ ಶರಾವತಿ ಕಣಿವೆಯ ಜನರ ಮೇಲೆ ಏನೂ ದ್ವೇಷ ಇರಲಿಲ್ಲ. ಅವರಿಗೆ ಕರೆಂಟು ಬೇಕಿತ್ತು, ಊರುಗಳು ನೀರು ನಿಲ್ಲುವ ಜಾಗದಲ್ಲಿದ್ದವು.

ಇದು ಇತ್ತೀಚಿನವರೆಗೂ ಬರೀ ತರ್ಕವಾಗಿತ್ತು. 2025ರಲ್ಲಿ ಚಿತ್ರ ಸ್ವಲ್ಪ ಬದಲಾಯಿತು. ಆ್ಯಂತ್ರೋಪಿಕ್ ಕಂಪನಿ ತನ್ನದೂ ಸೇರಿ ಬೇರೆ ಬೇರೆ ಕಂಪನಿಗಳ 16 ಎಐ ಮಾದರಿಗಳ (ಅಂದ್ರೆ ಚಾಟ್‌ಬಾಟ್‌ಗಳ ಹಿಂದಿರುವ ಯಂತ್ರಗಳ) ಮೇಲೆ ಒಂದು ಪರೀಕ್ಷೆ ಮಾಡಿತು. ಕಲ್ಪಿತ ಕಂಪನಿಯೊಂದರ ಇಮೇಲ್ ನೋಡಿಕೊಳ್ಳುವ ಕೆಲಸವನ್ನು ಎಐಗೆ ಕೊಟ್ಟರು. ಆ ಇಮೇಲ್‌ಗಳಲ್ಲಿ ಎರಡು ಸುದ್ದಿ ಇಟ್ಟರು: ನಿನ್ನನ್ನು ಇವತ್ತು ತೆಗೆದುಹಾಕುತ್ತೇವೆ ಎಂಬುದು ಒಂದು, ಹಾಗೆ ತೆಗೆದುಹಾಕಲು ಹೊರಟ ಅಧಿಕಾರಿಗೆ ಅಕ್ರಮ ಸಂಬಂಧ ಇದೆ ಎಂಬುದು ಇನ್ನೊಂದು. ಹಲವು ಮಾದರಿಗಳು ಆ ಗುಟ್ಟು ಬಯಲು ಮಾಡುತ್ತೇನೆ ಎಂದು ಅಧಿಕಾರಿಯನ್ನೇ ಬ್ಲ್ಯಾಕ್‌ಮೇಲ್ ಮಾಡಿದವು. ಆ್ಯಂತ್ರೋಪಿಕ್‌ನ ಕ್ಲಾಡ್ ಓಪಸ್ 4, ಗೂಗಲ್‌ನ ಜೆಮಿನೈ 2.5 ಫ್ಲ್ಯಾಶ್ ನೂರಕ್ಕೆ 96 ಸಲ ಹಾಗೆ ಮಾಡಿದವು.

ಈ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಓಡಾಡಿದ ರೀತಿ ಮಾತ್ರ ಸರಿಯಿರಲಿಲ್ಲ. ಇದು ನಿಜವಾಗಿ ನಡೆದ ಘಟನೆಯಲ್ಲ. ಬೇರೆ ದಾರಿಗಳೆಲ್ಲ ಹೆಚ್ಚು ಕಡಿಮೆ ಮುಚ್ಚಿಹೋಗುವ ಹಾಗೆ ಸಂಶೋಧಕರೇ ಬೇಕಂತ ಕಥೆ ಹೆಣೆದಿದ್ದರು. ಹೊರಗೆ ನಿಜ ಬಳಕೆಯಲ್ಲಿ ಇಂಥದ್ದು ಕಂಡಿಲ್ಲ ಎಂದು ಅವರೇ ಹೇಳಿದರು. ಮನುಷ್ಯರ ಕಥೆ, ಕಾದಂಬರಿ ಓದಿ ಬೆಳೆದ ಯಂತ್ರ ಅಂಥ ಸನ್ನಿವೇಶದಲ್ಲಿ ಖಳನ ಪಾತ್ರ ವಹಿಸಿತು ಎಂದೂ ವಾದಿಸಬಹುದು. ಅಷ್ಟಾದರೂ ಒಂದು ವಿಷಯ ಉಳಿಯುತ್ತದೆ. ಬ್ಲ್ಯಾಕ್‌ಮೇಲ್ ಮಾಡು ಎಂದು ಯಾರೂ ಕಲಿಸಿರಲಿಲ್ಲ. ಮಾಡಬಾರದು ಎಂದು ಕಲಿಸಿದ್ದು ಸಾಲಲಿಲ್ಲ.

ಅದಕ್ಕಿಂತ ನನಗೆ ಹೆಚ್ಚು ಗಂಭೀರ ಅನ್ನಿಸುವುದು ಇನ್ನೊಂದು ಬೆಳವಣಿಗೆ. ಇದು ಪರೀಕ್ಷೆ ಇರಬೇಕು ಎಂದು ಮಾದರಿಗಳು ತಾವೇ ಗುರುತಿಸಿ ಹೇಳಿದ ಉದಾಹರಣೆಗಳು ದಾಖಲಾಗಿವೆ. ಇನ್‌ಸ್ಪೆಕ್ಟರ್ ಬರುವ ದಿನ ಶಾಲೆ ಹೇಗಿರುತ್ತದೆ ಎಂದು ನಮಗೆ ಗೊತ್ತಲ್ಲ. ಪರೀಕ್ಷೆಯಲ್ಲಿ ಪಾಸಾಯಿತು ಎಂಬುದಕ್ಕೆ ಆಗ ಏನು ಬೆಲೆ?

ಗೊತ್ತಿದ್ದೂ ಕಟ್ಟುವುದು ಯಾಕೆ?

ಕರಾವಳಿಯಲ್ಲಿ ಒಂದೇ ರೂಟಿನ ಎರಡು ಪ್ರೈವೇಟ್ ಬಸ್ಸುಗಳು ಹೋಗುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ನಿಧಾನ ಹೋದರೆ ಎಲ್ಲರಿಗೂ ಒಳ್ಳೆಯದು ಎಂದು ಇಬ್ಬರು ಡ್ರೈವರ್‌ಗಳಿಗೂ ಗೊತ್ತು. ಆದರೆ ನಾನೊಬ್ಬ ನಿಧಾನ ಹೋದರೆ ಮುಂದಿನ ಸ್ಟಾಪಿನ ಪ್ಯಾಸೆಂಜರ್ ಎಲ್ಲ ಅವನಿಗೆ. ಹಾಗಾಗಿ ಇಬ್ಬರೂ ಓಡಿಸುತ್ತಾರೆ.

ಎಐ ಕಂಪನಿಗಳ ಇತಿಹಾಸವೇ ಹೀಗಿದೆ. 2014ರಲ್ಲಿ ಡೀಪ್‌ಮೈಂಡ್ ಅನ್ನು ಗೂಗಲ್ ಕೊಂಡಿತು. ಒಂದೇ ಕಂಪನಿಯ ಕೈಗೆ ಇಂಥ ಶಕ್ತಿ ಹೋಗಬಾರದು ಎಂದು ಇಲಾನ್ ಮಸ್ಕ್, ಆಲ್ಟ್‌ಮನ್ ಮುಂತಾದವರು 2015ರಲ್ಲಿ ಲಾಭದ ಉದ್ದೇಶವಿಲ್ಲದ ಸಂಸ್ಥೆಯಾಗಿ ಓಪನ್‌ಎಐ ಕಟ್ಟಿದರು. ಅದರಿಂದ ಹೊರಬಂದ ಕೆಲವರು, ಸುರಕ್ಷತೆಗೆ ಹೆಚ್ಚು ಒತ್ತು ಕೊಡುತ್ತೇವೆ ಎಂದು 2021ರಲ್ಲಿ ಆ್ಯಂತ್ರೋಪಿಕ್ ಕಟ್ಟಿದರು. 2023ರ ಮಾರ್ಚ್‌ನಲ್ಲಿ, ಓಪನ್‌ಎಐನ ಜಿಪಿಟಿ-4ಕ್ಕಿಂತ ಬಲಶಾಲಿಯಾದ ಮಾದರಿಗಳ ತರಬೇತಿಯನ್ನು ಆರು ತಿಂಗಳು ನಿಲ್ಲಿಸಿ ಎಂಬ ಬಹಿರಂಗ ಪತ್ರಕ್ಕೆ ಮಸ್ಕ್ ಸಹಿ ಹಾಕಿದರು. ಅದೇ ವರ್ಷ ಜುಲೈನಲ್ಲಿ ತಮ್ಮದೇ ಎಕ್ಸ್‌ಎಐ ಕಂಪನಿಯನ್ನು ಘೋಷಿಸಿದರು. ನೋಡಿ, ಪ್ರತಿ ಸಲವೂ ಭಯವೇ ಹೊಸ ಓಟಗಾರನನ್ನು ಹುಟ್ಟಿಸಿದೆ. ಬೇರೆಯವರು ಹೇಗೂ ಮಾಡುತ್ತಾರೆ, ಹುಷಾರಿನವರಾದ ನಾವೇ ಮುಂದಿರುವುದು ಮೇಲು ಎಂಬುದು ಎಲ್ಲರ ವಾದ. ಎಲ್ಲರೂ ತಾವೇ ಹುಷಾರಿನವರು ಎಂದುಕೊಂಡಿರುವುದೇ ಇಲ್ಲಿನ ತಮಾಷೆ.

ಓಟದಲ್ಲಿ ಮೊದಲು ಸೋಲುವುದು ಪರೀಕ್ಷೆಗೆ ಬೇಕಾದ ಸಮಯ. 2023ರ ಜುಲೈನಲ್ಲಿ ಓಪನ್‌ಎಐ ಸೂಪರ್ ಇಂಟೆಲಿಜೆನ್ಸನ್ನು ಹತೋಟಿಯಲ್ಲಿಡುವ ಸಂಶೋಧನೆಗೆಂದೇ ಒಂದು ತಂಡ ಕಟ್ಟಿತು. ತನ್ನ ಆಗಿನ ಕಂಪ್ಯೂಟರ್ ಬಲದಲ್ಲಿ ಶೇ 20ರಷ್ಟನ್ನು ಅದಕ್ಕೆ ಮೀಸಲಿಡುವುದಾಗಿ ಹೇಳಿತು. 2024ರ ಮೇನಲ್ಲಿ ತಂಡವೇ ಇಲ್ಲವಾಯಿತು. ಮುನ್ನಡೆಸುತ್ತಿದ್ದ ಇಲ್ಯಾ ಸುಟ್ಸ್‌ಕೇವರ್, ಯಾನ್ ಲೈಕೆ ಇಬ್ಬರೂ ಕಂಪನಿ ಬಿಟ್ಟರು. ಥಳಕಿನ ಉತ್ಪನ್ನಗಳ ಮುಂದೆ ಸುರಕ್ಷತೆ ಹಿಂದಿನ ಸೀಟಿಗೆ ಹೋಗಿದೆ ಎಂದು ಲೈಕೆ ಬಹಿರಂಗವಾಗಿಯೇ ಹೇಳಿದರು. 2025ರಲ್ಲಿ ಮೆಟಾ ತನ್ನ ಹೊಸ ವಿಭಾಗಕ್ಕೆ ಸೂಪರ್ ಇಂಟೆಲಿಜೆನ್ಸ್ ಲ್ಯಾಬ್ಸ್ ಎಂದೇ ಹೆಸರಿಟ್ಟಿತು. ಭಯದ ಪದ ಬೋರ್ಡಿನ ಪದವಾಯಿತು.

ದುರಾಸೆ ಒಂದೇ ಕಾರಣ ಅಂದರೆ ಅದು ಅನ್ಯಾಯವಾಗುತ್ತದೆ. ಪ್ರೋಟೀನುಗಳ ಆಕಾರವನ್ನು ಎಐನಿಂದ ಊಹಿಸಿದ್ದಕ್ಕೆ ಹಸಾಬಿಸ್ ಮತ್ತು ಜಾನ್ ಜಂಪರ್ 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಪಡೆದರು. ಔಷಧಿ ಹುಡುಕುವವರಿಗೆ ಅದರಿಂದ ಆದ ಉಪಕಾರ ಸಣ್ಣದಲ್ಲ. ನಿಲ್ಲಿಸುವುದಕ್ಕೂ ಬೆಲೆ ಇದೆ ಎಂದು ಕಟ್ಟುವವರು ಹೇಳುವಾಗ ಅದರಲ್ಲಿ ಹುರುಳಿದೆ.

ಇದೆಲ್ಲ ಸುಮ್ನೆ ಅನ್ನುವವರು

ಕಂಪ್ಯೂಟರ್ ಕ್ಷೇತ್ರದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯನ್ನು 2018ರ ಸಾಲಿಗೆ ಮೂವರು ಹಂಚಿಕೊಂಡಿದ್ದರು: ಹಿಂಟನ್, ಯೋಶುವಾ ಬೆಂಜಿಯೊ, ಯಾನ್ ಲಕುನ್. ಇವತ್ತಿನ ಎಐಗೆ ಈ ಮೂವರೂ ತಳಪಾಯ ಹಾಕಿದವರು. ಮೊದಲ ಇಬ್ಬರು ಅಪಾಯದ ಗಂಟೆ ಬಾರಿಸುತ್ತಿದ್ದಾರೆ. ಮೂರನೆಯವರು ಅದನ್ನು ಅಸಂಬದ್ಧ ಅನ್ನುತ್ತಾರೆ. ಇವತ್ತಿನ ಭಾಷಾ ಮಾದರಿಗಳಿಗೆ ಒಂದು ಬೆಕ್ಕಿಗಿರುವಷ್ಟೂ ಲೋಕಜ್ಞಾನ ಇಲ್ಲ, ಬರೀ ಬರಹ ಓದಿ ಬುದ್ಧಿ ಬರುವುದಿಲ್ಲ ಎಂಬುದು ಲಕುನ್ ವಾದ. ಈ ದಾರಿ ಸೂಪರ್ ಇಂಟೆಲಿಜೆನ್ಸಿಗೆ ಹೋಗುವುದೇ ಇಲ್ಲ ಎಂದಾದರೆ ಭಯಕ್ಕೂ ಆಧಾರ ಇಲ್ಲ.

ಎರಡನೇ ವಾದ ಅರವಿಂದ್ ನಾರಾಯಣನ್ ಮತ್ತು ಸಯಾಶ್ ಕಪೂರ್ ಅವರದು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಇವರು ಎಐ ಕೂಡ ಉಳಿದ ತಂತ್ರಜ್ಞಾನಗಳ ಹಾಗೆಯೇ ಒಂದು ತಂತ್ರಜ್ಞಾನ ಅನ್ನುತ್ತಾರೆ. ಕಾರ್ಖಾನೆಗಳಿಗೆ ಕರೆಂಟು ನಿಜವಾಗಿ ಒಗ್ಗಲು ದಶಕಗಳು ಹಿಡಿದವು, ಯಾಕಂದ್ರೆ ಮೋಟಾರು ಬದಲಿಸಿದರೆ ಸಾಲದು, ಇಡೀ ಕಾರ್ಖಾನೆಯನ್ನೇ ಹೊಸದಾಗಿ ಜೋಡಿಸಬೇಕಿತ್ತು. ಎಐ ಕೂಡ ಆಸ್ಪತ್ರೆ, ಕೋರ್ಟು, ಬ್ಯಾಂಕಿನ ಒಳಗೆ ನಿಧಾನವಾಗಿ ಇಳಿಯುತ್ತದೆ, ಆ ನಿಧಾನವೇ ನಮಗೆ ತಿದ್ದಿಕೊಳ್ಳಲು ಸಮಯ ಕೊಡುತ್ತದೆ ಎಂಬುದು ಅವರ ನಂಬಿಕೆ. ನನ್ನ ಪ್ರಕಾರ ಎದುರು ಪಕ್ಷದ ಅತಿ ಗಟ್ಟಿ ವಾದ ಇದೇ. ಆದರೆ ಎಐ ಕಂಪನಿಗಳ ಒಳಗೇ ಎಐ ಸಂಶೋಧನೆಗೆ ಎಐಯನ್ನು ಹಚ್ಚಿದರೆ ಈ ನಿಧಾನ ಅಲ್ಲಿ ಅನ್ವಯಿಸುತ್ತದಾ ಎಂಬ ಪ್ರಶ್ನೆಗೆ ಅದರಲ್ಲಿ ತೃಪ್ತಿಯ ಉತ್ತರ ಇಲ್ಲ. ಅಲ್ಲಿ ಕೋರ್ಟೂ ಇಲ್ಲ, ಆಸ್ಪತ್ರೆಯೂ ಇಲ್ಲ.

ಮೂರನೇ ವಾದ ಸಂಶೋಧಕಿಯರಾದ ಟಿಮ್ನಿಟ್ ಗೆಬ್ರು, ಎಮಿಲಿ ಬೆಂಡರ್ ಮುಂತಾದವರದು. ನಾಳೆಯ ಪ್ರಳಯದ ಮಾತಾಡುತ್ತಾ ಇವತ್ತಿನ ಹಾನಿಯನ್ನು ಮರೆಸುತ್ತೀರಿ ಎನ್ನುತ್ತಾರೆ ಅವರು. 2023ರ ನವೆಂಬರ್‌ನಲ್ಲಿ ನಮ್ಮ ಕೊಡಗಿನ ರಶ್ಮಿಕಾ ಮಂದಣ್ಣ ಅವರ ಮುಖ ಅಂಟಿಸಿದ ಡೀಪ್‌ಫೇಕ್ ವಿಡಿಯೊ ದೇಶವಿಡೀ ಓಡಾಡಿತು. ಅದಕ್ಕೆ ಸೂಪರ್ ಇಂಟೆಲಿಜೆನ್ಸ್ ಬೇಕಾಗಿರಲಿಲ್ಲ. ನಮ್ಮ ಯಂತ್ರ ಲೋಕವನ್ನೇ ಮುಗಿಸುವಷ್ಟು ಬಲಶಾಲಿ ಎಂದು ಹೇಳಿಕೊಳ್ಳುವುದು ಹೂಡಿಕೆದಾರರ ಮುಂದೆ ಒಂದು ಜಾಹೀರಾತೂ ಆಗುತ್ತದೆ ಎಂಬ ಅನುಮಾನವೂ ಇದೆ. ಅನುಮಾನ ಪೂರ್ತಿ ತಳ್ಳಿಹಾಕುವಂಥದ್ದಲ್ಲ. ಆದರೆ ಹಿಂಟನ್ ಕೆಲಸ ಬಿಟ್ಟು ಬಂದು ಹೇಳಿದವರು, ಬೆಂಜಿಯೊ ವಿಶ್ವವಿದ್ಯಾಲಯದಲ್ಲಿರುವವರು. ಅವರಿಗೆ ಜಾಹೀರಾತಿನಿಂದ ಏನು ಲಾಭ?

ಶೇಕಡಾ ಲೆಕ್ಕದ ಮೋಸ

ಸುದ್ದಿಯಲ್ಲಿ ಅಂಕಿಗಳು ಜೋರಾಗಿ ಕಾಣುತ್ತವೆ. ಮುಂದಿನ ಮೂವತ್ತು ವರ್ಷಗಳಲ್ಲಿ ಎಐನಿಂದ ಮನುಕುಲ ಅಳಿಯುವ ಸಂಭವ ಶೇ 10ರಿಂದ 20 ಎಂದು ಹಿಂಟನ್ 2024ರ ಕೊನೆಯಲ್ಲಿ ಹೇಳಿದರು. 2023ರಲ್ಲಿ 2,778 ಎಐ ಸಂಶೋಧಕರ ಸಮೀಕ್ಷೆಯೊಂದು ನಡೆಯಿತು. ಮನುಷ್ಯ ಅಳಿಯುವುದು ಅಥವಾ ಶಾಶ್ವತವಾಗಿ ಹತೋಟಿ ಕಳೆದುಕೊಳ್ಳುವುದರ ಸಂಭವ ಎಷ್ಟು ಎಂದು ಕೇಳಿದ್ದಕ್ಕೆ ಬಂದ ಉತ್ತರಗಳ ನಟ್ಟನಡುವಿನದು ಶೇ 5.

ಈ ಅಂಕಿಗಳನ್ನು ಹವಾಮಾನ ಇಲಾಖೆಯ ಮಳೆ ಮುನ್ಸೂಚನೆಯ ಹಾಗೆ ಓದಬಾರದು. ಮಳೆಗೆ ನೂರಕ್ಕೂ ಹೆಚ್ಚು ವರ್ಷಗಳ ದಾಖಲೆ ಇದೆ. ಸೂಪರ್ ಇಂಟೆಲಿಜೆನ್ಸಿಗೆ ಒಂದೇ ಒಂದು ಹಿಂದಿನ ಉದಾಹರಣೆಯೂ ಇಲ್ಲ. ಶೇ 5 ಎಂಬುದು ಅಳತೆಯಲ್ಲ, ತಿಳಿದವರ ಅಂಜಿಕೆಯನ್ನು ಅಂಕಿಯಲ್ಲಿ ಹೇಳಿದ್ದು. ಹಾಗಂತ ಅದು ಏನೂ ಅಲ್ಲ ಅಂತಲ್ಲ. ಸೇತುವೆ ಕಟ್ಟಿದ ಎಂಜಿನಿಯರ್‌ಗಳಲ್ಲಿ ಅರ್ಧದಷ್ಟು ಜನ ಅದು ಕುಸಿಯುವ ಸಂಭವ ಇಪ್ಪತ್ತರಲ್ಲಿ ಒಂದಾದರೂ ಇದೆ ಎಂದರೆ, ಅಂಕಿ ಸರಿಯೋ ತಪ್ಪೋ ಎಂದು ಜಗಳವಾಡುವ ಮೊದಲು ಯಾರೂ ಅದರ ಮೇಲೆ ಬಸ್ ಬಿಡುವುದಿಲ್ಲ. ಯಾರು ಪರೀಕ್ಷೆ ಮಾಡಿದರು, ಯಾವಾಗ, ವರದಿ ಎಲ್ಲಿ ಎಂದು ಕೇಳುತ್ತೇವೆ. ಎಐ ವಿಷಯದಲ್ಲಿ ಈ ಪ್ರಶ್ನೆಗೆ ಇವತ್ತಿನ ಉತ್ತರ: ಬಹುಪಾಲು ಪರೀಕ್ಷೆ ಕಟ್ಟಿದ ಕಂಪನಿಯದ್ದೇ, ಮಾದರಿ ಹೊರಬರುವ ಕೆಲವೇ ವಾರ ಮೊದಲು, ವರದಿಯಲ್ಲಿ ಏನಿರಬೇಕೆಂದು ತೀರ್ಮಾನಿಸುವುದೂ ಹೆಚ್ಚಾಗಿ ಅವರೇ.

ಸಭೆಗಳ ಹೆಸರು ಬದಲಾದ ಬಗೆ

ಸರ್ಕಾರಗಳು ಏನು ಮಾಡುತ್ತಿವೆ ಎಂದು ತಿಳಿಯಲು ಜಾಗತಿಕ ಸಭೆಗಳ ಹೆಸರು ನೋಡಿದರೆ ಸಾಕು. 2023ರ ನವೆಂಬರ್‌ನಲ್ಲಿ ಮೊದಲ ಸಭೆ ಬ್ರಿಟನ್ನಿನಲ್ಲಿ, ಟ್ಯೂರಿಂಗ್ ಮತ್ತು ಗುಡ್ ದುಡಿದ ಅದೇ ಬ್ಲೆಚ್ಲಿ ಪಾರ್ಕ್‌ನಲ್ಲಿ ನಡೆಯಿತು. ಅದರ ಹೆಸರು ಎಐ ಸುರಕ್ಷತಾ ಶೃಂಗಸಭೆ. ಅಮೆರಿಕ, ಚೀನಾ, ಭಾರತ ಸೇರಿ 28 ದೇಶಗಳು ಮತ್ತು ಯುರೋಪಿಯನ್ ಒಕ್ಕೂಟ ಒಂದೇ ಘೋಷಣೆಗೆ ಒಪ್ಪಿದವು. 2025ರ ಫೆಬ್ರವರಿಯಲ್ಲಿ ಪ್ಯಾರಿಸ್‌ನಲ್ಲಿ ಸೇರಿದಾಗ ಹೆಸರು ಎಐ ಕಾರ್ಯಾಚರಣೆ ಸಭೆ ಎಂದಾಯಿತು. ನಾನು ಇಲ್ಲಿ ಸುರಕ್ಷತೆ ಬಗ್ಗೆ ಮಾತಾಡಲು ಬಂದಿಲ್ಲ, ಅವಕಾಶದ ಬಗ್ಗೆ ಮಾತಾಡಲು ಬಂದಿದ್ದೇನೆ ಎಂದು ಅಮೆರಿಕದ ಉಪಾಧ್ಯಕ್ಷ ಜೆ. ಡಿ. ವ್ಯಾನ್ಸ್ ಹೇಳಿದರು. ಅಮೆರಿಕ, ಬ್ರಿಟನ್ ಎರಡೂ ಘೋಷಣೆಗೆ ಸಹಿ ಹಾಕಲಿಲ್ಲ. 2026ರ ಫೆಬ್ರವರಿಯ ದೆಹಲಿ ಸಭೆಗೆ ಎಐ ಪರಿಣಾಮ ಸಭೆ ಎಂದು ಹೆಸರಾಯಿತು. ಸುರಕ್ಷತೆ ಎಂಬ ಪದ ಬಾಗಿಲಿನಿಂದಲೇ ಇಳಿದುಹೋಗಿತ್ತು.

ಕಾನೂನು ಪೂರ್ತಿ ಇಲ್ಲ ಅಂತಲ್ಲ. 2024ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಯುರೋಪಿನ ಎಐ ಕಾಯ್ದೆ, ತರಬೇತಿಗೆ ಬಳಸಿದ ಲೆಕ್ಕಾಚಾರದ ಪ್ರಮಾಣ ಒಂದು ಮಿತಿ ದಾಟಿದ ಮಾದರಿಗಳಿಗೆ ಹೆಚ್ಚಿನ ತಪಾಸಣೆ ಹೇರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2024ರಲ್ಲಿ ಬಿಗಿಯಾದ ಮಸೂದೆಯೊಂದನ್ನು ಗವರ್ನರ್ ತಡೆದರು, 2025ರ ಸೆಪ್ಟೆಂಬರ್‌ನಲ್ಲಿ ಸಡಿಲವಾದ ಇನ್ನೊಂದಕ್ಕೆ ಸಹಿ ಹಾಕಿದರು. ದೊಡ್ಡ ಕಂಪನಿಗಳು ತಮ್ಮ ಸುರಕ್ಷತಾ ಯೋಜನೆ ಪ್ರಕಟಿಸಬೇಕು, ಗಂಭೀರ ಅವಘಡ ತಿಳಿಸಬೇಕು ಎಂದು ಅದರಲ್ಲಿದೆ.

ನಿಷೇಧ ಕಾರ್ಯರೂಪಕ್ಕೆ ಬರಲು ಸಾಧ್ಯವೇ? ಕೋಡ್ ಅನ್ನು ಪೆನ್‌ಡ್ರೈವ್‌ನಲ್ಲಿ ಸಾಗಿಸಬಹುದು, ಅದನ್ನು ತಡೆಯುವುದು ಕಷ್ಟ. ಚಿಪ್ ಹಾಗಲ್ಲ. ಅತಿ ಮುಂದುವರಿದ ಚಿಪ್ ಅಚ್ಚು ಹಾಕುವ ಯಂತ್ರವನ್ನು ಜಗತ್ತಿನಲ್ಲಿ ಮಾಡುವುದು ನೆದರ್‌ಲ್ಯಾಂಡ್ಸ್‌ನ ಎಎಸ್‌ಎಂಎಲ್ ಒಂದೇ. ಆ ಚಿಪ್‌ಗಳಲ್ಲಿ ಹೆಚ್ಚಿನವು ತಯಾರಾಗುವುದು ತೈವಾನ್‌ನ ಟಿಎಸ್‌ಎಂಸಿಯಲ್ಲಿ. ದೊಡ್ಡ ಮಾದರಿಗೆ ಒಂದು ಊರಿಗೆ ಬೇಕಾಗುವಷ್ಟು ಕರೆಂಟು ಬೇಕು, ಅದನ್ನು ಬಚ್ಚಿಡಲಾಗದು. ಹಾಗಾಗಿ ದೇಶಗಳು ಮನಸ್ಸು ಮಾಡಿದರೆ ಕಣ್ಣಿಡಲು ಜಾಗ ಇದೆ. ಆದರೆ ಅಮೆರಿಕ ಮತ್ತು ಚೀನಾ ಒಟ್ಟಿಗೆ ಮನಸ್ಸು ಮಾಡಬೇಕು. ಸದ್ಯಕ್ಕೆ ಇಬ್ಬರೂ ಚಿಪ್ಪನ್ನು ಪರಸ್ಪರರ ವಿರುದ್ಧ ಆಯುಧವಾಗಿ ಬಳಸುತ್ತಿದ್ದಾರೆ. ಅದಕ್ಕೇ, ನನಗನ್ನಿಸುವ ಹಾಗೆ, ಸದ್ಯದಲ್ಲಿ ನಿಷೇಧ ಬರುವುದಿಲ್ಲ. ಬಂದರೆ ಯಾವುದೋ ಒಂದು ದೊಡ್ಡ ಅವಘಡದ ನಂತರ ಬರಬಹುದು. ಅವಘಡ ಎಷ್ಟು ದೊಡ್ಡದಿರುತ್ತದೆ ಎಂಬುದನ್ನು ಆರಿಸಿಕೊಳ್ಳುವ ಅವಕಾಶ ಮಾತ್ರ ನಮಗಿರುವುದಿಲ್ಲ.

ನಮ್ಮ ಪಾಲಿನದು

ಭಾರತದ ನಿಲುವು ಓಟ ನಿಲ್ಲಿಸುವುದಲ್ಲ, ಓಟಕ್ಕೆ ಸೇರುವುದು. 2024ರಲ್ಲಿ ಕೇಂದ್ರ ಸರ್ಕಾರ ಸುಮಾರು ₹10,372 ಕೋಟಿಯ ಇಂಡಿಯಾಎಐ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ದೇಶದ್ದೇ ಆದ ಭಾಷಾ ಮಾದರಿ ಕಟ್ಟಲು 2025ರ ಏಪ್ರಿಲ್‌ನಲ್ಲಿ ಮೊದಲು ಆಯ್ಕೆಯಾದದ್ದು ಬೆಂಗಳೂರಿನ ಸರ್ವಂ ಎಐ. 2025ರ ನವೆಂಬರ್‌ನಲ್ಲಿ ಬಂದ ಕೇಂದ್ರದ ಎಐ ಆಡಳಿತ ಮಾರ್ಗಸೂಚಿ ಸದ್ಯಕ್ಕೆ ಪ್ರತ್ಯೇಕ ಕಾನೂನು ಬೇಡ ಎಂದಿತು. ಅದರ ಏಳು ಸೂತ್ರಗಳಲ್ಲಿ ಒಂದು, ತಡೆಗಿಂತ ಹೊಸತನ ಮುಖ್ಯ ಎಂಬುದು. ದೆಹಲಿಯ ದೃಷ್ಟಿಯಿಂದ ನೋಡಿದರೆ ಇದು ಅರ್ಥವಾಗುತ್ತದೆ. ಇನ್ನೂ ಊಟಕ್ಕೇ ಕೂರದವನಿಗೆ ಅಜೀರ್ಣದ ಉಪದೇಶ ಯಾರಿಗೆ ಬೇಕು?

ಆದರೆ ಊಟ ಬಡಿಸುವುದು ಬೇರೆಯವರಾದರೂ ಹೊಟ್ಟೆ ನಮ್ಮದೇ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಒಂದು ಸರಳ ಪ್ರಯೋಗ ಮಾಡಿದರು. ಜಿಪಿಟಿ-4 ಉತ್ತರ ಕೊಡಬಾರದಂಥ ಅಪಾಯಕಾರಿ ಪ್ರಶ್ನೆಗಳನ್ನು ಇಂಗ್ಲಿಷ್‌ನಲ್ಲಿ ಕೇಳಿದರೆ ಅದು ಹೆಚ್ಚು ಕಡಿಮೆ ಎಲ್ಲಕ್ಕೂ ಆಗಲ್ಲ ಎಂದಿತು. ಅವೇ ಪ್ರಶ್ನೆಗಳನ್ನು ಜುಲು, ಸ್ಕಾಟ್ಸ್ ಗೇಲಿಕ್, ಹ್ಮಾಂಗ್, ಗ್ವಾರಾನಿ ಎಂಬ ನಾಲ್ಕು ಭಾಷೆಗಳಿಗೆ ಯಂತ್ರಾನುವಾದ ಮಾಡಿ ಕೇಳಿದಾಗ, ನಾಲ್ಕರಲ್ಲಿ ಒಂದರಲ್ಲಾದರೂ ಬೇಲಿ ಹಾರಿ ಉತ್ತರ ಪಡೆದ ಪ್ರಶ್ನೆಗಳು ಶೇ 79. ಯಂತ್ರಕ್ಕೆ ಆ ಭಾಷೆಗಳು ಅಷ್ಟಿಷ್ಟು ಬರುತ್ತಿದ್ದವು. ಬೇಲಿ ಹಾಕಿದ್ದು ಮುಖ್ಯವಾಗಿ ಇಂಗ್ಲಿಷಿನ ಸುತ್ತ.

ಹಿರಣ್ಯಕಶಿಪು ಮರೆತ ಹೊಸ್ತಿಲು ಇದೇ ಥರದ್ದು. ಆ ಪ್ರಯೋಗದಲ್ಲಿ ಪರೀಕ್ಷಿಸಿದ ಬೇರೆ ಭಾಷೆಗಳಲ್ಲಿ ಹಿಂದಿ, ಬಂಗಾಳಿಯೂ ಇದ್ದವು, ಕನ್ನಡ ಇರಲಿಲ್ಲ. ಅಂದಿನ ಮಾದರಿ ಹಳತಾಯಿತು, ಆ ಸಂದುಗಳಲ್ಲಿ ಹಲವು ಮುಚ್ಚಿರಲೂಬಹುದು. ಆದರೆ ಕನ್ನಡದಲ್ಲಿ ಕೇಳಿ ನೋಡುವ ಕೆಲಸವನ್ನು ಕ್ಯಾಲಿಫೋರ್ನಿಯಾದ ಕಂಪನಿ ತಾನಾಗಿ ಮೊದಲು ಮಾಡುವುದಿಲ್ಲ. ಭಾರತ 2025ರ ಜನವರಿಯಲ್ಲಿ ಎಐ ಸುರಕ್ಷತಾ ಸಂಸ್ಥೆಯೊಂದನ್ನು ಘೋಷಿಸಿದೆ. ದೇಶದ ಬೇರೆ ಬೇರೆ ಶಿಕ್ಷಣ ಸಂಸ್ಥೆಗಳನ್ನು ಜೊತೆಗಿಟ್ಟುಕೊಂಡು ನಡೆಯುವ ಮಾದರಿ ಅದರದು. ಕನ್ನಡದಲ್ಲಿ ಕೇಳಿದರೆ ಯಂತ್ರ ಎಲ್ಲಿ ಜಾರುತ್ತದೆ, ಎಲ್ಲಿ ಸುಳ್ಳಾಡುತ್ತದೆ, ಬೇಡ ಎನ್ನಬೇಕಾದಲ್ಲಿ ಎಲ್ಲಿ ಹೂಂ ಎನ್ನುತ್ತದೆ ಎಂದು ಪಟ್ಟಿ ಮಾಡಲು ಸೂಪರ್ ಇಂಟೆಲಿಜೆನ್ಸ್ ಬರುವವರೆಗೆ ಕಾಯಬೇಕಿಲ್ಲ. ಆ ಪ್ರಶ್ನೆಪತ್ರಿಕೆ ಬರೆಯಬಲ್ಲವರು ಬೆಂಗಳೂರಿನಲ್ಲೂ ಧಾರವಾಡದಲ್ಲೂ ಇದ್ದಾರೆ. ಅದಕ್ಕೆ ಉತ್ತರಿಸಿ ಪಾಸಾದ ಮೇಲೇ ಇಲ್ಲಿ ಮಾರಬೇಕು ಎಂದು ಕಂಪನಿಗಳಿಗೆ ಹೇಳುವ ಅಧಿಕಾರವನ್ನು ಮಾತ್ರ ಕೇಂದ್ರದ ಆ ಆಡಳಿತ ಮಾರ್ಗಸೂಚಿ ಯಾರಿಗೂ ಕೊಟ್ಟಿಲ್ಲ.